ಗಂಟಿನೊಳಗಿನ ಮೇಕೆಮರಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಒಂದು ಗಂಟಿತ್ತು. ಎರಡು ಅಂಗೈ ಅಗಲದ ಚಪ್ಪಟೆ ಗಂಟು, ನಾಲ್ಕು ಮೂಲೆಯನ್ನೂ ಬಿಗಿಯಾಗಿ ಎಳೆದು ಕಟ್ಟಿದ್ದು. ಆಯುಧಪೂಜೆಯ ದಿನ ಕುಡುಗೋಲು, ಮಚ್ಚು, ತಕ್ಕಡಿಗಳ ಜೊತೆಗೆ ಅದಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು, ಊದುಕಡ್ಡಿ ಬೆಳಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಮೊದಲು ಅಜ್ಜಿ ಬೆಳಗಿದಳು, ಆಮೇಲೆ ಅಮ್ಮ, ಅಮ್ಮನ ನಂತರ ತವರಿನಲ್ಲೇ ಉಳಿದ ಒಬ್ಬಳೇ ಮಗಳಾದ ನಾನು. "ಗಂಟು ಬಿಚ್ಬೇಡ್ರಮ್ಮೀ, ಒಳಗೆ ಅಮ್ಮನೋರು ಅವ್ರೆ" ಎಂದು ಅಜ್ಜಿ ಹೇಳಿಹೋಗಿದ್ದಳು. ದೇವರ ವಿಷಯದಲ್ಲಿ ನಾವು ಹೆಚ್ಚು ಪ್ರಶ್ನೆ ಕೇಳುವವರಲ್ಲ.

ಕಳೆದ ತಿಂಗಳು ಗೂಡಿಗೆ ಗೆದ್ದಲು ಹಿಡಿಯಿತು. ಕಾಡುಗೋಡಿಯಲ್ಲಿ ಮೆಟ್ರೋ ಬಂದು, ನಮ್ಮ ಹೊಲವಿದ್ದಲ್ಲೆಲ್ಲ ಬಾಡಿಗೆ ಕೋಣೆಗಳೆದ್ದರೂ ಗೆದ್ದಲು ಮಾತ್ರ ಊರು ಬಿಟ್ಟು ಹೋಗಿಲ್ಲ. ಅಮ್ಮನವರಲ್ಲಿ ಕ್ಷಮೆ ಕೇಳಿ, ಕೆನ್ನೆಕೆನ್ನೆ ಬಡಿದುಕೊಂಡು ಗಂಟು ಬಿಚ್ಚಿದೆ. ಒಳಗೆ ಇದ್ದದ್ದು ತೆಳ್ಳಗಿನ ಒಂದು ಮಕ್ಕಳ ಕಥೆ ಪುಸ್ತಕ. ರಟ್ಟಿನ ಮೇಲೆ ಹೊಸ್ತಿಲಲ್ಲಿ ನಿಂತ ಮುದುಕಿ, ಅವಳ ತಲೆಯ ಹಿಂದೆ ಹುಟ್ಟುತ್ತಿರುವ ದುಂಡನೆಯ ಸೂರ್ಯ. ಓದು ಬಾರದ ನನ್ನಜ್ಜಿ ಆ ಸೂರ್ಯನನ್ನು ಪ್ರಭಾವಳಿ ಎಂದುಕೊಂಡು, ಮುದುಕಿಯ ಹಣೆಗೆ ಒಂದು ಕುಂಕುಮದ ಬೊಟ್ಟನ್ನೂ ಇಟ್ಟಿದ್ದಳು. ನಾನು ನಕ್ಕೆ. ಒಳಪುಟದಲ್ಲಿ ಶಾಲೆಯ ಮೊಹರು ಕಂಡದ್ದೇ ನಗು ನಿಂತುಹೋಯಿತು.

ಆ ಪುಸ್ತಕದ ಕಥೆಗಿಂತ ಅದು ಕಳೆದುಹೋದ ಕಥೆ ದೊಡ್ಡದು. ನಮ್ಮ ಶಾಲೆಯ ಮೇಷ್ಟ್ರು ತಗಡಿನ ಪೆಟ್ಟಿಗೆಯಿಂದ ಶನಿವಾರಕ್ಕೊಂದು ಪುಸ್ತಕ ಮನೆಗೆ ಕೊಡುತ್ತಿದ್ದರು. ನನ್ನದಾದ ಮೇಲೆ ಗೆಳತಿ ಸರೋಜಳ ಸರದಿ. ಹಬ್ಬದ ದಿನ ಕಡ್ಲೆಪುರಿ ತಿನ್ನಲು ಬಂದವಳು ನಾನು ಓದಿದ್ದಷ್ಟು ಕಥೆಯನ್ನು ನನ್ನ ಬಾಯಿಂದ ಕೇಳಿ, "ಮುಗೀತೇನೇ? ಮುಗೀತೇನೇ?" ಎಂದು ಮೂರು ಸಲ ಕೇಳಿದ್ದಳು. ಮರುದಿನ ದಿಂಬಿನ ಕೆಳಗೆ ಇಟ್ಟಿದ್ದ ಪುಸ್ತಕ ಮಾಯ. ಹಾಸಿಗೆ ಸುತ್ತಿಟ್ಟವಳು ಅಜ್ಜಿ; ಆದರೆ ಓದು ಬಾರದವಳಿಗೂ ಪುಸ್ತಕಕ್ಕೂ ಏನು ಸಂಬಂಧವೆಂದು ಯಾರೂ ಅವಳನ್ನು ಕೇಳಲಿಲ್ಲ. ನಾನು ಇಡೀ ತರಗತಿಯ ಮುಂದೆ ನಿಂತು "ಸರೋಜ ಕದ್ದವ್ಳೆ ಮೇಷ್ಟ್ರೇ" ಎಂದುಬಿಟ್ಟೆ. ಅವಳು ಅತ್ತುಬಿಟ್ಟಳು. ಆ ಪೆಟ್ಟಿಗೆಯಿಂದ ಅವಳಿಗೆ ಮತ್ತೆ ಒಂದು ಪುಸ್ತಕವೂ ಸಿಗಲಿಲ್ಲ. ಮುಂದೆ ಅವಳನ್ನು ಕುಂದಲಹಳ್ಳಿಗೆ ಕೊಟ್ಟರು. ಮದುವೆ ಮುಂಜಿಗಳಲ್ಲಿ ಎದುರಾದರೆ "ಊಟ ಆಯ್ತಾ" ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು. ಇಷ್ಟು ವರ್ಷ ಅವಳನ್ನು ಕಳ್ಳಿಯೆಂದೇ ನಂಬಿ, ಆಗಾಗ ಮನಸ್ಸಿನಲ್ಲೇ ಕ್ಷಮಿಸಿ, ನನ್ನ ದೊಡ್ಡತನಕ್ಕೆ ನಾನೇ ಬೀಗಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಲ್ಲೇ ಕುಳಿತು ಓದತೊಡಗಿದೆ. ಮುದುಕಿಯೊಬ್ಬಳ ಮೇಕೆಮರಿ ಸಂತೆ ನೋಡುವ ಚಪಲಕ್ಕೆ ಹಗ್ಗ ಕಡಿದುಕೊಂಡು ಹೊರಡುತ್ತದೆ; ಅಷ್ಟೇ ಕಥೆ. ಬಾಲ್ಯದಲ್ಲಿ ನಾನು ಆ ಮರಿಯ ಬೆನ್ನಿಗೇ ಓಡಿದ್ದೆ, ಬೆಂಡು ಬತ್ತಾಸು ನೋಡಿ ಬಾಯಲ್ಲಿ ನೀರೂರಿಸಿದ್ದೆ, ಮುದುಕಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಓದಿದರೆ ಮರಿ ಸಂತೆಯಲ್ಲಿ ಕುಣಿಯುವ ಪುಟಗಳಲ್ಲೂ ನನ್ನ ಕಿವಿಯೆಲ್ಲ ಹೊಸ್ತಿಲಲ್ಲಿ ನಿಂತು "ಬಾರೋ, ಬಾರೋ" ಎಂದು ಕರೆಯುವ ದನಿಯ ಕಡೆಗೇ. ಇದನ್ನು ಓದುವ ಗೆಳೆಯ, ಎಳೆಯರ ಪುಸ್ತಕವೆಂದು ಮೂಲೆಗಿಟ್ಟದ್ದನ್ನು ಒಮ್ಮೆ ತೆಗೆದು ಓದಿ ನೋಡು. ಅಕ್ಷರಗಳು ಇದ್ದಲ್ಲೇ ಇರುತ್ತವೆ, ಜಾಗ ಬದಲಿಸಿಕೊಂಡವರು ನಾವೇ. ಕತ್ತಲಾಗಿ ಮರಿ ದಾರಿ ತಪ್ಪುವಲ್ಲಿ ಪುಟದ ಮೂಲೆ ಮಡಚಿತ್ತು. ನಾನು ಅಂದು ನಿಲ್ಲಿಸಿದ್ದು ಅಲ್ಲಿಯೇ. ಮುಂದಿನ ಎರಡು ಪುಟ ಓದಲು ಬೆರಳು ಏಳಲಿಲ್ಲ. ಸರದಿ ಸರೋಜಳದ್ದಾಗಿತ್ತು.

ಮರುದಿನ ಪುಸ್ತಕವನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ರೋ ಹತ್ತಿದೆ. ಕುತ್ತಿಗೆಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಮಕ್ಕಳ ನಡುವೆ, ಮಡಿಲಲ್ಲಿ ಕಳವಿನ ಮಾಲು ಇಟ್ಟುಕೊಂಡವಳಂತೆ ಬೆವರುತ್ತಾ ಕುಳಿತೆ. ಬಾಗಿಲಲ್ಲೇ ಬಯ್ದು ಕಳಿಸಿದರೆ? ಬಯ್ದರೂ ಸರಿ, ಬಯ್ಯದೆ "ಊಟ ಆಯ್ತಾ" ಎಂದುಬಿಟ್ಟರೆ?

ಸರೋಜ ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗಂಟು ಬಿಚ್ಚಿ ಅವಳ ಮುಂದಿಟ್ಟು, ಅಜ್ಜಿ, ಸೂರ್ಯ, ಪ್ರಭಾವಳಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ತಪ್ಪಾಯ್ತು ಕಣೇ" ಎಂದೆ. ಅವಳು ಮುದುಕಿಯ ಹಣೆಯ ಬೊಟ್ಟಿನ ಮೇಲೆ ಬೆರಳಾಡಿಸಿದಳು.

"ಅಂಗಾದ್ರೆ ಇಷ್ಟು ವರ್ಸ ನೀನು ಇದಕ್ಕೇ ಮಂಗಳಾರತಿ ಎತ್ತಿದ್ಯಾ?"

"ಊಂ."

ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಹೆದರಿದೆ. ನಗುತ್ತಿದ್ದಳು, ಅವರೆಕಾಳಿನ ಮೊರ ಮಗುಚುವಷ್ಟು ನಗು. ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆವತ್ತು ಬೋ ನೋವಾಗಿತ್ತು ಕಣೇ, ಸುಳ್ಳು ಯಾಕೇಳ್ಲಿ" ಎಂದಳು. "ಅದಿರ್ಲಿ, ಮರಿ ಮನೆ ಸೇರ್ತಾ?"

"ಗೊತ್ತಿಲ್ಲ. ಓದಿಲ್ಲ. ನಿನ್ ಸರದಿ" ಎಂದೆ.

ಕನ್ನಡಕ ಹಾಕಿಕೊಂಡು, ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಸಾಲಿಗೆ ಬೆರಳಿಟ್ಟು ಅವಳು ಗಟ್ಟಿಯಾಗಿ ಓದಿದಳು. ಮುದುಕಿ ದೀಪ ಹಿಡಿದು ಊರೆಲ್ಲ ಹುಡುಕಿ, ಸಿಕ್ಕವರನ್ನೆಲ್ಲ ಬಯ್ದು, ಬೆಳಗಿನ ಹೊತ್ತಿಗೆ ಸೋತು ಹಿಂದಿರುಗುತ್ತಾಳೆ. ಮರಿ ಅವಳ ಕೊಟ್ಟಿಗೆಯ ಹುಲ್ಲಿನಲ್ಲೇ ನಿದ್ದೆ ಹೋಗಿರುತ್ತದೆ. ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

ಹೊರಡುವಾಗ ಕೈ ಚಾಚಿದರೆ ಸರೋಜ ಪುಸ್ತಕ ಕೊಡಲಿಲ್ಲ. "ಮೊದ್ಲಿಂದ ಓದ್ಬೇಕು. ಶನಿವಾರ ನಾನೇ ತಂದ್ಕೊಡ್ತೀನಿ" ಎಂದಳು. ಖಾಲಿ ಹಳದಿ ಬಟ್ಟೆಯನ್ನು ಮಡಚಿಕೊಂಡು ಮೆಟ್ರೋದಲ್ಲಿ ಕುಳಿತೆ. ಬಟ್ಟೆಯ ಒಳಮೈಗೆ ಅಂಟಿದ್ದ ಅಜ್ಜಿಯ ಕುಂಕುಮ ಬೆರಳ ತುದಿಗೆ ಹತ್ತಿತ್ತು. ಒರೆಸಿಕೊಳ್ಳಲು ಹೋದವಳು ಯಾಕೋ ಹಣೆಗಿಟ್ಟುಕೊಂಡೆ.