ತಿಸ್ರಾ ಕೋಣ?

ತ್ರಿಶಲಾ ಅಕ್ಕೋರ ಕೊರಳಲ್ಲಿ ಒಂದು ಸೀಟಿ, ಕೈಯಲ್ಲಿ ಅರ್ಧ ಇಟ್ಟಂಗಿ. ಸೀಟಿ ಖೋ-ಖೋ ಆಡುವ ಹುಡುಗಿಯರಿಗೆ, ಇಟ್ಟಂಗಿ ನಮಗೆ, ಅಂದರೆ ಆಟ ಕಲಿಸುವ ಮಾಸ್ತರರಿಗೆ. ಹಾಗಂತ ಅದನ್ನು ಅವರು ಯಾರ ಮೇಲೂ ಎಸೆದವರಲ್ಲ. ಮೈದಾನದ ಬದಿಯಲ್ಲಿ ಒಂದು ಆಫೀಸು, ಒಂದು ಸಾಮಾನಿನ ಖೋಲಿ ಇದ್ದವು. ಎರಡರ ಬಾಗಿಲೂ ಗಾಳಿಗೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದವು. ಅಕ್ಕೋರು ನೋವಿನ ಮಂಡಿಯನ್ನು ಶಪಿಸುತ್ತ ಬಗ್ಗಿ, ಇಟ್ಟಂಗಿಯನ್ನು ಬಾಗಿಲಿಗೆ ಒತ್ತಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೈದಾನಕ್ಕೆ ವಾಪಸಾಗುತ್ತಿದ್ದರು. ಐದಡಿಯ ಹೆಂಗಸು. ನೂಲಿನ ಸೀರೆಯ ಕೆಳಗೆ ಬಿಳಿ ಬೂಟು. ಆ ಬೂಟಿನ ಸಪ್ಪಳ ಕೇಳಿದರೆ ನಾವು ಮಾಸ್ತರರು ಸುಮ್ಮನೆ ನಿಂತಲ್ಲೇ ಒಮ್ಮೆ ನೆಟ್ಟಗಾಗುತ್ತಿದ್ದೆವು.

ನಾನು ಅಥಣಿ ತಾಲೂಕಿನ ಕೊಕಟನೂರಿನವನು. ಚಿಕ್ಕೋಡಿ ಕಡೆಯ ಒಂದು ಕ್ರೀಡಾ ಮಂಡಳಿ (ಹೆಸರು ಬೇಡ, ಹೆಸರಿಗೆ ಅವರು ಬಹಳ ಹೆದರುತ್ತಾರೆ) ನಡೆಸುವ ಬೇಸಿಗೆ ಶಿಬಿರಕ್ಕೆ ಹೊಸ ಮಾಸ್ತರನಾಗಿ ಸೇರಿದ್ದೆ. ಶಿಬಿರದ ಮುಖ್ಯಸ್ಥೆ ಅಕ್ಕೋರು. ನಿಪ್ಪಾಣಿಯ ಜೈನರ ಮನೆಯವರು, ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುವವರು. ನನ್ನ ಮರಾಠಿ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಮಾತ್ರ.

ಮೊದಲ ದಿನವೇ ಕರೋಶಿಯಿಂದ ಬರುತ್ತಿದ್ದ ರೇಷ್ಮಾ ಎಂಬ ಹುಡುಗಿಗೆ ಕಾಲು ಉಳುಕಿತು. ಹದಿನಾಲ್ಕು ವರ್ಷದ ಹುಡುಗಿ, ಓಡಿದರೆ ನೆಲಕ್ಕೆ ಪಾದ ತಾಗುತ್ತದೋ ಇಲ್ಲವೋ ಅನ್ನಿಸುವಂಥ ಓಟಗಾರ್ತಿ. ಅವಳನ್ನು ಸಾಮಾನಿನ ಖೋಲಿಗೆ ಕರೆದೊಯ್ದು ಪಟ್ಟಿ ಸುತ್ತುತ್ತಿದ್ದೆ. ಬಾಗಿಲು ದಡಾರನೆ ತೆರೆಯಿತು. ಅಕ್ಕೋರು ನಿಂತಿದ್ದರು.

"ತಿಸ್ರಾ ಕೋಣ?"

ನನ್ನ ಕಿವಿ ಬಿಸಿಯಾಯಿತು. ಕೆಲಸಕ್ಕೆ ಸೇರಿದ ದಿನವೇ ಕೋಣ ಅನ್ನಿಸಿಕೊಂಡೆ, ಅದೂ ಮೂರನೆಯ ಕೋಣ. ಮೊದಲಿನ ಎರಡು ಯಾವವು ಅಂತ ಹಿಂದಕ್ಕೆ ತಿರುಗಿ ಬೇರೆ ನೋಡಿದೆ.

"ಅಕ್ಕೋರ, ಸ್ವಲ್ಪ ನೋಡಿ ಮಾತಾಡ್ರಿ. ನಾ ಬಿ.ಪಿ.ಎಡ್ ಮಾಡೇನಿ. ಕೋಣ ಅಂದ್ರ ಏನ್ರಿ?"

"ಕೋಣ ಅಂದ್ರ ಯಾರು ಅಂತ, ಮಾಸ್ತರ. ಮರಾಠಿ ಬರೂದಿಲ್ಲೇನು? ಖೋಲ್ಯಾಗ ನೀ ಒಬ್ಬ, ಹುಡುಗಿ ಒಬ್ಬಾಕಿ. ಮೂರನೇದವರು ಯಾರು? ಬಾಗಲಾ ಯಾಕ ಮುಚ್ಚೇತಿ?"

ರೇಷ್ಮಾ ಕಾಲುನೋವು ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಯೊಳಗೆ ಇಡೀ ಮೈದಾನಕ್ಕೆ ಸುದ್ದಿ. ಅಲ್ಲಿಂದ ಮುಂದೆ ದೊಡ್ಡವರೊಬ್ಬರು ಮಗುವಿನ ಜೊತೆ ಕೂತು ಮಾತಾಡಬೇಕಾದರೆ, ಪಟ್ಟಿ ಕಟ್ಟಬೇಕಾದರೆ, ಬೈಯಬೇಕಾದರೂ ಸರಿ, ಪಕ್ಕದಲ್ಲಿ ಇರಬೇಕಾದ ಮೂರನೆಯವರಿಗೆ ಹುಡುಗಿಯರು ಕೋಣ ಎಂದೇ ಹೆಸರಿಟ್ಟರು. ಅಕ್ಕೋರಿಗೆ ಅದು ಬಹಳ ಹಿಡಿಸಿತು. ಆಫೀಸಿನ ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ಇವತ್ತಿನ ಕೋಣ' ಎಂದು ಬರೆಸಿ, ಕೆಳಗೆ ದಿನಕ್ಕೊಬ್ಬ ಮಾಸ್ತರರ ಹೆಸರು ಹಾಕತೊಡಗಿದರು. ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಮಾಸ್ತರರು ಮರ್ಯಾದೆ ಹೋಯಿತೆಂದು ಮುಖ ಊದಿಸಿಕೊಂಡರು. "ನೋಡ್ರಿ, ಮೊದಲನೇ ಹೆಸರು ನಂದಽ ಐತಿ. ಹೆಣ್ಣ ಕೋಣ ನೋಡೀರೇನು ಎಲ್ಲೆರ?" ಎಂದರು ಅಕ್ಕೋರು. ಆ ಮಾಸ್ತರರಿಗೂ ನಗು ತಡೆಯಲಾಗಲಿಲ್ಲ.

ನಗುನಗುತ್ತಲೇ ನಿಯಮಗಳನ್ನು ನಮ್ಮ ಮೈಗೆ ಹತ್ತಿಸಿಬಿಟ್ಟರು. ಹುಡುಗಿಯ ಮೊಬೈಲಿಗೆ ಮಾಸ್ತರ ಒಬ್ಬನೇ ಮೆಸೇಜು ಹಾಕುವಂತಿಲ್ಲ, ಅವಳ ಅವ್ವ ಇರುವ ಗುಂಪಿಗೆ ಹಾಕಬೇಕು. ಕೂರುವ ಭಂಗಿ ತಿದ್ದಬೇಕಾದರೆ ಮೊದಲು ಬಾಯಲ್ಲಿ ಹೇಳಬೇಕು, ತಿಳಿಯದಿದ್ದರೆ ತಾನು ಕೂತು ತೋರಿಸಬೇಕು, ಅದೂ ಆಗದಿದ್ದರೆ ಕೇಳಿ ಮುಟ್ಟಬೇಕು. ಖೋ-ಖೋ ಮುಟ್ಟುವ ಆಟವೇ ಅಲ್ಲವೇನ್ರಿ ಎಂದು ನಾನೊಮ್ಮೆ ಜಾಣತನ ತೋರಿಸಿದೆ. "ಹೌದು. ಗೆರಿ ಒಳಗ ಮುಟ್ಟಿದ್ರ ಆಡಾಕಿ ಔಟ್. ಗೆರಿ ಹೊರಗ ಮುಟ್ಟಿದ್ರ ಮಾಸ್ತರ ಔಟ್," ಎಂದರು. ಆ ಮಾತಿನಲ್ಲಿ ನಗುವಿರಲಿಲ್ಲ.

ಅಕ್ಕೋರ ರಾತ್ರಿಯೂಟ ಸೂರ್ಯ ಮುಳುಗುವ ಮೊದಲೇ ಮುಗಿಯಬೇಕು. ಅದಕ್ಕೆ ಡಬ್ಬಿ ಕಟ್ಟಿಕೊಂಡೇ ಬರುತ್ತಿದ್ದರು. ಆದರೆ ಗೇಟಿನೊಳಗೆ ಒಂದೇ ಒಂದು ಹುಡುಗಿ ಉಳಿದಿದ್ದರೂ ಡಬ್ಬಿ ಬಿಚ್ಚುತ್ತಿರಲಿಲ್ಲ. ಒಂದು ಸಂಜೆ ಕರೋಶಿಯ ಬಸ್ಸು ಬರಲೇ ಇಲ್ಲ. ರೇಷ್ಮಾ ಒಬ್ಬಳೇ ಉಳಿದಳು. ಅವಳ ಅಪ್ಪ ಕರೆದೊಯ್ಯಲು ಬರುವುದು ತಡವೆಂದು ಫೋನು ಬಂತು. ಹೊತ್ತು ಇಳಿಯುತ್ತಿತ್ತು, ಡಬ್ಬಿ ಮುಚ್ಚಿಯೇ ಇತ್ತು. ನನಗೆ ಕನಿಕರ ಉಕ್ಕಿತು. ಅಕ್ಕೋರು ನೀರು ತರಲು ಒಳಗೆ ಹೋದಾಗ ರೇಷ್ಮಾಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಊರಿಗೆ ಬಿಟ್ಟು ಬಂದೆ. ಶಾಬ್ಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ನನ್ನನ್ನು ಮೈದಾನದ ಕಂಬದ ಹತ್ತಿರ ಕರೆದರು. "ನಿನ್ನಿ ಯಾರನ್ನ ಕೇಳಿ ಕರಕೊಂಡ ಹೋದಿ?"

"ನಿಮಗ ಉಪಾಸ ಬೀಳ್ತಿತ್ತಲ್ರಿ. ನನ್ನ ಮ್ಯಾಲ ಸಂಶೇ ಏನ್ರಿ ನಿಮಗ?"

"ಇಲ್ಲೋ ತಮ್ಮಾ. ನೀ ಚಲೋ ಅದಿ ಅಂತ ನನಗ ಗೊತ್ತೈತಿ, ಅದಕ್ಕ ಹೆಚ್ಚ ಸಿಟ್ಟ ಬಂದೇತಿ. ನಾಳೆ ಕೆಟ್ಟಾಂವ ಒಬ್ಬ ಗಾಡಿ ತಂದು ನಿಲ್ಲಿಸ್ತಾನ. 'ಬಸು ಮಾಸ್ತರ ಬಿಟ್ಟು ಬರ್ತಾರಲ್ಲ, ನಾ ಬಿಟ್ರ ಏನಾತು' ಅಂತಾನ. ಹುಡುಗಿ ಹತ್ತತಾಳ. ಆ ಹಾದಿ ಮಾಡಿ ಕೊಟ್ಟಾಂವ ನೀ ಆಗ್ತಿ. ನನಗ ಒಂದ ಹೊತ್ತಿನ ಉಪಾಸ ಏನ ಹೊಸಾದಲ್ಲ."

ಹುಡುಗಿಯರೆಲ್ಲರ ಮುಂದೆ ನನ್ನನ್ನು ನಿಲ್ಲಿಸಿ ನನ್ನದು ತಪ್ಪಾಯಿತೆಂದು ಹೇಳಿಸಿದರು. ನಾನೇ ಕರೆದರೂ ಗಾಡಿ ಹತ್ತಬೇಡಿ ಎಂದು ನನ್ನ ಬಾಯಿಂದಲೇ ಹೇಳಿಸಿದರು. ಅವಮಾನವಾಯಿತು. ವಾರಗಟ್ಟಲೆ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಇಂಥ ನಿಯಮಗಳು ಕೆಲವರಿಗೆ ಅತಿ ಅನ್ನಿಸುತ್ತವೆ, ಆಗ ನನಗೂ ಅನ್ನಿಸಿತ್ತು. ಅನ್ನಿಸಲಿ. ಅನ್ನಿಸಿದವರು ಮುಂದಿನದನ್ನು ಓದಬೇಕು.

ಮರುವರ್ಷ ಮಂಡಳಿಯ ಅಧ್ಯಕ್ಷರು ಹೊರಗಿನಿಂದ ದೊಡ್ಡ ಕೋಚೊಬ್ಬರನ್ನು ಕರೆಸಿದರು. ರಾಜ್ಯದ ತಂಡಕ್ಕೆ ಯಾರ ಹೆಸರು ಹೋಗಬೇಕೆಂಬುದು ಅವರ ಪೆನ್ನಿನ ತುದಿಯಲ್ಲಿದೆ ಎಂದು ಎಲ್ಲರೂ ನಂಬಿದ್ದರು, ಅವರೂ ನಂಬಿದ್ದರು. ಎರಡನೆಯ ದಿನ ಮಧ್ಯಾಹ್ನ ಅವರು ರೇಷ್ಮಾಳನ್ನು ಆಫೀಸಿಗೆ ಕರೆದರು. ಅವಳ ಆಟದ ವಿಡಿಯೋ ತೋರಿಸಿ ತಪ್ಪು ತಿದ್ದಬೇಕಂತೆ. ಕರಿಹಲಗೆಯ ಮೇಲೆ ಆ ದಿನದ ಕೋಣ ನಾನು. ಹೋಗಿ ಸ್ಟೂಲಿನ ಮೇಲೆ ಕೂತೆ.

ಕೋಚು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾಕ ಕುಂತಿ ಇಲ್ಲಿ? ಹೋಗಿ ಚಹಾ ತಗೊಂಡ ಬಾ."

ನಾನು ಹೋದೆ. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ. ಬಾಗಿಲ ಬಳಿಯ ಇಟ್ಟಂಗಿಯನ್ನು ಅವರು ಬೂಟಿನ ತುದಿಯಿಂದ ಸರಿಸಿದ್ದು ಕಂಡಿತು, ಬೆನ್ನ ಹಿಂದೆ ಬಾಗಿಲು ಮುಚ್ಚಿದ್ದೂ ಕೇಳಿಸಿತು. ಆದರೂ ದೊಡ್ಡವರು ಹೇಳಿದರಲ್ಲ ಎಂದು ಹೋದೆ. ಅಡುಗೆಮನೆಯ ಮುಂದೆ ಕಿಟ್ಲಿ ಹಿಡಿದು ನಿಂತ ನನ್ನನ್ನು ಅಕ್ಕೋರು ನೋಡಿದರು.

"ಕೋಣ ಇಲ್ಲಿ ನಿಂತೇತಿ. ಅಲ್ಲಿ ಯಾರ ಅದಾರ?"

ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲು ಹತ್ತಲು ಕಂಬ ಹಿಡಿಯುತ್ತಿದ್ದ ಹೆಂಗಸು ಅಂದು ಮೈದಾನ ಅಡ್ಡ ಹಾಯ್ದು ಓಡಿದರು. ಹಿಂದೆ ನಾನೂ ಓಡಿದೆ. ಬಾಗಿಲು ನೂಕಿದರು. ರೇಷ್ಮಾ ಕುರ್ಚಿಯ ತುದಿಯಲ್ಲಿ ಮುದುಡಿಕೊಂಡು ಕೂತಿದ್ದಳು. ಕೋಚು ತನ್ನ ಕುರ್ಚಿಯನ್ನು ಅವಳಿಗೆ ಅಂಟಿಸಿ ಎಳೆದುಕೊಂಡು, ಅವಳ ಹೆಗಲ ಸುತ್ತ ಕೈಹಾಕಿದ್ದರು. ಅಕ್ಕೋರು ಮೊದಲು ಇಟ್ಟಂಗಿ ಬಾಗಿಲಿಗೆ ಒತ್ತಿದರು. ಆಮೇಲೆ ರೇಷ್ಮಾಳಿಗೆ, "ಹೊರಗ ಬಾ, ಕೂಸ," ಎಂದರು. ಅವಳು ಒಂದೇ ನೆಗೆತಕ್ಕೆ ಹೊರಗಿದ್ದಳು.

"ನನ್ನ ಏನಂತ ತಿಳಕೊಂಡೀರಿ ನೀವು?" ಕೋಚು ಗುಡುಗಿದರು.

"ಏನೂ ತಿಳಕೊಂಡಿಲ್ರಿ. ಬಾಗಲಾ ಮುಚ್ಚಿತ್ತು, ತಗದೆ. ಇನ್ನ ನೀವು ನಿಮ್ಮ ಸಾಮಾನ ಕಟ್ಟರಿ."

ಅಂದೇ ರೇಷ್ಮಾಳ ಅವ್ವನನ್ನು ಕರೆಸಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹುಡುಗಿ ಹೇಳಿದ್ದನ್ನಷ್ಟೇ ಕೇಳಿದರು, ಕೆದಕಲಿಲ್ಲ. ಹಿಂದಿನ ದಿನವೂ ಆತ ಹೀಗೇ ಬೆನ್ನು ಸವರಿದ್ದನಂತೆ. ಹೇಳಿದರೆ ಆಟ ಬಿಡಿಸುತ್ತಾರೆಂದು ಅವಳು ಸುಮ್ಮನಿದ್ದಳಂತೆ. "ಆಟ ಬಿಡೂದು ಅಂವಾ, ನೀ ಅಲ್ಲ," ಎಂದರು ಅಕ್ಕೋರು. ನಂತರ ನನ್ನ ಮುಂದೆ ಕಾಗದ ಇಟ್ಟರು. "ಕಂಡದ್ದೆಲ್ಲಾ ಬರಿ. ಚಹಾ ತರಾಕ ಹೋಗಿದ್ದೂ ಬರಿ." ಬರೆದೆ. ಆ ಕಾಗದವೂ ಅವರ ದೂರೂ ಪೊಲೀಸರಿಗೆ, ಮಕ್ಕಳ ರಕ್ಷಣೆ ನೋಡುವ ಕಚೇರಿಗೆ ಹೋದವು.

ಮೂರನೆಯ ದಿನ ಮಂಡಳಿಯ ಸಭೆ ಸೇರಿತು. ಅಧ್ಯಕ್ಷರು ಕೆಟ್ಟವರಲ್ಲ, ಮೆತ್ತಗಿನ ಮನುಷ್ಯ. ಮೆತ್ತಗಿನವರಿಂದ ಎಷ್ಟು ಅನ್ಯಾಯ ನಡೆಯುತ್ತದೆಂದು ನಾನು ಅಂದು ನೋಡಿದೆ. "ಅಕ್ಕೋರ, ಮಂಡಳಿ ಹೆಸರು ಹಾಳಾಗ್ತೈತಿ. ದೂರು ಹಿಂದ ತಗೊಂಡು ಕೋಚ್ ಸಾಹೇಬರದೊಂದ ಮಾಫಿ ಕೇಳಿಬಿಡ್ರಿ, ಮುಗೀತು."

"ಕೇಳ್ತೀನ್ರಿ. ಮೈದಾನದಾಗ, ಹುಡುಗ್ಯಾರ ಮುಂದ ಕೇಳ್ತೀನಿ. 'ಮುಚ್ಚಿದ ಬಾಗಲಾ ತಗದದ್ದು ನನ್ನ ತಪ್ಪು, ಇನ್ನ ಮುಂದ ತಗ್ಯೂದಿಲ್ಲ' ಅಂತ ಹೇಳ್ತೀನಿ. ನೀವೂ ಬಾಜೂಕ ನಿಂದರ್ರಿ. ನಿಮ್ಮ ಮಮ್ಮಗಳೂ ಆಡಾಕ ಬರ್ತಾಳಲ್ಲ, ಆಕಿನ್ನ ಮುಂದ ಕುಂಡ್ರಸ್ರಿ. ಬರ್ತೀರಿ?"

ಅಕ್ಕೋರು ಎದ್ದು, ಕರಿಹಲಗೆ ಒರೆಸದೆ, ಇಟ್ಟಂಗಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಮರುವರ್ಷ ಮಂಡಳಿ ಅವರನ್ನು ಕರೆಯಲಿಲ್ಲ. ರೇಷ್ಮಾಳ ಹೆಸರು ರಾಜ್ಯದ ತಂಡಕ್ಕೆ ಹೋಗಲಿಲ್ಲ. ನ್ಯಾಯ ಸಿಕ್ಕಿತೆಂದು ಬರೆಯಲು ನನಗೂ ಆಸೆ, ಆದರೆ ಆ ಕಡತ ಇನ್ನೂ ನಡೆಯುತ್ತಿದೆ.

ಅಕ್ಕೋರು ಸುಮ್ಮನೆ ಕೂತರೆ ತಾನೇ? ನಿಪ್ಪಾಣಿಯ ಹತ್ತಿರ ತಮ್ಮ ಮನೆತನದ ತಂಬಾಕಿನ ಹೊಲ ಖಾಲಿಯಾಗಿದ್ದ ಬೇಸಿಗೆಯಲ್ಲಿ, ಎರಡು ಕಂಬ ನೆಟ್ಟು ಶಿಬಿರ ಶುರು ಮಾಡಿಯೇಬಿಟ್ಟರು. ರೇಷ್ಮಾಳ ಅವ್ವ ಮೊದಲು ಬಂದಳು, ಮಗಳನ್ನೂ ಓಣಿಯ ಇನ್ನೊಂದಿಷ್ಟು ಹುಡುಗಿಯರನ್ನೂ ಟೆಂಪೋದಲ್ಲಿ ಹೇರಿಕೊಂಡು. ಆಮೇಲೆ ಉಳಿದ ತಾಯಂದಿರೂ ಬಂದರು. ನಾನೂ ಹೋದೆ. "ಇಲ್ಲಿ ಬಾಗಲಾನಽ ಇಲ್ಲ, ಇಟ್ಟಂಗಿಗೆ ಕೆಲಸ ಇಲ್ಲ," ಎಂದು ಅಕ್ಕೋರು ನಕ್ಕು, ಹಾಜರಿ ಪುಸ್ತಕ ಗಾಳಿಗೆ ಹಾರದಂತೆ ಅದನ್ನು ಮೇಲಿಟ್ಟರು. ಅತ್ತ ಮಂಡಳಿಯ ಮೈದಾನ ಖಾಲಿ ಹೊಡೆಯತೊಡಗಿದಾಗ ಮಂಡಳಿಯವರೇ ಬಂದು ಕರೆದರು. ಅಕ್ಕೋರು ನಿಯಮಗಳನ್ನೆಲ್ಲ ಬರೆದು, ಅಧ್ಯಕ್ಷರ ಸಹಿ ಹಾಕಿಸಿಕೊಂಡು, ಆಮೇಲೆ ಒಪ್ಪಿದರು.

ವಾಪಸು ಬರುವ ಮೊದಲೇ ಅವರು ಹೋಗಿಬಿಟ್ಟರು. ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳಲು ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಅವರ ಸೊಸೆ ಇಟ್ಟಂಗಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಅತ್ತುಬಿಟ್ಟೆ, ನಾಚಿಕೆಪಡಲಿಲ್ಲ.

ಮಂಡಳಿ ಅದೇ ಮೈದಾನದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿತು. ಫೋಟೋಕ್ಕೆ ಹಾರ, ಸಾಲಾಗಿ ಕುರ್ಚಿ, ಮೈಕು. ಸಭೆಗೆ ಮುಂಚೆ ಅಧ್ಯಕ್ಷರು ಆಫೀಸಿನ ಬಾಗಿಲಲ್ಲಿ ನಿಂತು ಹನ್ನೆರಡು ವರ್ಷದ ಹೊಸ ಹುಡುಗಿಯೊಬ್ಬಳನ್ನು ಕರೆದರು. ಅವಳು ಹೊಲದ ಶಿಬಿರದಲ್ಲಿ ಒಂದೇ ಬೇಸಿಗೆ ಆಡಿದ್ದವಳು. "ಬಾರವ್ವಾ, ಅಕ್ಕೋರ ಬಗ್ಗೆ ನಾಕ ಮಾತ ಮಾತಾಡಬೇಕ ನೀ. ಒಳಗ ಕುಂತು ಬರಕೋ, ನಾ ಹೇಳ್ತೀನಿ."

ಹುಡುಗಿ ಹೊಸ್ತಿಲವರೆಗೆ ಹೋದಳು. ಒಳಗೆ ಇಣುಕಿದಳು. ಅಲ್ಲೇ ನಿಂತಳು.

"ತಿಸ್ರಾ ಕೋಣ ರೀ?"

ಅಧ್ಯಕ್ಷರ ಮುಖ ಕೆಂಪಾಯಿತು. ಹಾರ ಹಿಡಿದಿದ್ದ ರೇಷ್ಮಾ ನನ್ನ ಕಡೆ ತಿರುಗಿದಳು.

"ನಾನವ್ವಾ," ಎಂದೆ. ಚೀಲದಿಂದ ಇಟ್ಟಂಗಿ ತೆಗೆದು ಬಾಗಿಲಿಗೆ ಒತ್ತಿಟ್ಟೆ. ಸ್ಟೂಲು ಎಳೆದುಕೊಂಡು ಕೂತೆ. ಹುಡುಗಿ ಒಳಗೆ ಬಂದು ಕುರ್ಚಿಯ ಮೇಲೆ ಆರಾಮಾಗಿ ಕೂತು ಪೆನ್ನು ಬಿಚ್ಚಿದಳು.

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಬಸು, ಸುಮ್ನ ಕುಂಡ್ರೂಕಿಂತ ಎರಡ ಚಹಾ ಆದ್ರೂ ತಗೊಂಡ ಬಾ."

"ಕೋಣ ಚಹಾ ತರೂದಿಲ್ರಿ," ಎಂದೆ.