ಹೊಳೆಯ ಕಾಯಿ ಹಿಡಿಯುವ ಶೂರರು

ಹದಿನಾಲ್ಕು ವರ್ಷದ ಹುಡುಗರನ್ನು ಕಂಡರೆ ನನಗಾಗದು. ನನಗೀಗ ಹದಿನೆಂಟು, ತಿರಸ್ಕಾರಕ್ಕೆ ಇಷ್ಟು ವಯಸ್ಸು ಸಾಕು. ತಿಥಿ, ವಾರ, ಹೊಳೆ ಎಷ್ಟನೆಯ ಮೆಟ್ಟಿಲಿಗೆ ಏರಿತು ಎಂಬುದನ್ನು ದಿನಚರಿಗೆ ಹತ್ತಿಸದೆ ನನಗೆ ಊಟ ಸೇರುವುದಿಲ್ಲ. ಆ ಹುಡುಗರಿಗೋ, ನಿನ್ನೆ ಎಂಬುದೊಂದು ಇತ್ತೆಂಬುದೇ ನೆನಪಿರುವುದಿಲ್ಲ.

ಅವರಿಗೆ ಹೆದರಿಕೆ ಇಲ್ಲವೆಂದಲ್ಲ. ಭೂಗೋಳದ ಪಾಠದಲ್ಲಿ ಬೆಂಕಿ ಉಗುಳುವ ಬೆಟ್ಟದ ಚಿತ್ರ ಕಂಡ ದಿನ, ನಂಜನಗೂಡಿನಲ್ಲಿ ನಾನು ಉಳಿದುಕೊಂಡಿರುವ ಸೋದರತ್ತೆಯ ಮನೆಯಲ್ಲಿ ಅವರ ಹದಿನಾಲ್ಕರ ಮಗ ನಂಜುಂಡ ಊಟ ಬಿಟ್ಟ. ಚಾಮುಂಡಿ ಬೆಟ್ಟಕ್ಕೂ ಹಾಗಾದೀತೇ ಎಂದು ನನ್ನ ಪ್ರಾಣ ತಿಂದ. ಎಲ್ಲೋ ಸಮುದ್ರದಾಚೆಯ ಬೆಂಕಿಗೆ ಬೆವರುವ ಈ ಮಹಾಶಯ, ಹಿತ್ತಲ ಹಿಂದೆ ಮರಗಳನ್ನು ಬೇರುಸಹಿತ ಹೊತ್ತು ತರುವ ಕಪಿಲೆಯನ್ನು ಮಾತ್ರ ಮನೆಯ ಹಸುವೆಂದೇ ತಿಳಿದಿದ್ದಾನೆ.

ಹೊಸ ನೀರು ಬಂದಾಗ ಇಲ್ಲಿಯ ಮುತ್ತೈದೆಯರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟು ಹೊಳೆಗೆ ಬಾಗಿನ ಬಿಡುತ್ತಾರೆ. ಮೊರ ಮಗುಚಿ ಕಾಯಿ ತೇಲಿದೊಡನೆ ಹುಡುಗರು ಧುಮುಕುತ್ತಾರೆ. ಕಾಯಿ ತಂದವನು ಶೂರ, ದಡದಲ್ಲಿ ನಿಂತವನು ಪುಕ್ಕಲ. ನೀರಿನ ಆಳವನ್ನು ಯಾರೂ ನೋಡುವುದಿಲ್ಲ. ಜೊತೆಯವರ ನಗೆಯ ಆಳಕ್ಕೇ ಎಲ್ಲರಿಗೂ ದಿಗಿಲು.

ಈ ಆಷಾಢದಲ್ಲಿ ಅತ್ತೆ ಬಾಗಿನ ಬಿಟ್ಟ ದಿನ ನಂಜುಂಡ ಕಚ್ಚೆ ಬಿಗಿದ. ನಾನು ಅಡ್ಡ ನಿಂತೆ.

"ಬೇಡ ಕಣೋ, ಸುಳಿ ಇದೆ."

"ಸುಮ್ನಿರು ಭಾವ! ನಿಮ್ಮ ನರಸೀಪುರದಲ್ಲಿ ಎರಡು ಹೊಳೆ ಸೇರ್ತವೆ, ಅದಕ್ಕೇ ನಿಂಗೆ ಪುಕ್ಕಲು. ನಮ್ಮದು ಒಂದೇ ಹೊಳೆ ಕಣೋ!"

ನಮ್ಮ ನರಸೀಪುರದ ಹುಡುಗರ ಶಾಸ್ತ್ರ ಇನ್ನೂ ಸೊಗಸು: "ಇಲ್ಲಿ ಏನೂ ಆಗಲ್ಲ, ಮುಳುಗೋರೆಲ್ಲ ನಂಜನಗೂಡಿನೋರು."

ನಂಜುಂಡ ಹಾರಿದ. ಕಾಯಿಯೇನೋ ಕೈಗೆ ಸಿಕ್ಕಿತು. ಮರುಕ್ಷಣ ತಲೆಯೇ ಕಾಣಲಿಲ್ಲ. ಮೆಟ್ಟಿಲ ಮೇಲಿನ ಕೇಕೆ ನಿಂತಿತು. ಅತ್ತೆ ಸೆರಗೊಡ್ಡಿ, "ತಾಯಿ ಕಪಿಲೆ, ನನ್ನ ಮಗನ್ನ ಬಿಟ್ಕೊಡವ್ವ! ಐದು ಕಾಯಿನ ಬಾಗಿನ ಕೊಡ್ತೀನಿ" ಎಂದು ಕೂಗಿದರು. ಹೊಳೆಯ ಏರಿಳಿತವನ್ನೆಲ್ಲ ಬರೆದಿಟ್ಟ ನಾನು ಈಜು ಕಲಿತಿರಲಿಲ್ಲ. ಕೆಳಗಿನ ತಿರುವಿನಲ್ಲಿ ಹೊಂಗೆಯ ಕೊಂಬೆಗೆ ಜೋತುಬಿದ್ದಿದ್ದವನನ್ನು ನಾಲ್ಕು ಜನ ಹಗ್ಗ ಎಸೆದು ಎಳೆದರು.

ತುಟಿ ನೀಲಿಗಟ್ಟಿ ನಡುಗುತ್ತಿದ್ದವನಿಗೆ ಸಂಜೆಯ ಹೊತ್ತಿಗೆ ನಾಲಗೆ ಮರಳಿತು. "ಏನಾಯ್ತೀಗ? ಬಂದೆನಲ್ಲ!" ಗೆಳೆಯರು ತಲೆದೂಗಿದರು. ಮುಳುಗಿದವನು ವಾದಕ್ಕೆ ಬರುವುದಿಲ್ಲವಾದ್ದರಿಂದ ಈ ವಾದದಲ್ಲಿ ಹೊಳೆಗೆ ಯಾವಾಗಲೂ ಸೋಲೇ.

ಮುಂದಿನ ಶುಕ್ರವಾರವೇ ಅತ್ತೆ ಹರಕೆ ತೀರಿಸಲು ಹೊರಟರು. ನೀರು ಇಳಿದಿರಲಿಲ್ಲ.

"ಇಳಿಯಲಿ ತಾಳಿ ಅತ್ತೆ."

"ಹರಕೆ ತಡ ಮಾಡಬಾರದಪ್ಪ. ಮಗನ್ನೇ ಕೊಟ್ಟವಳು ಅವಳು."

ದೊಡ್ಡ ಮೊರ, ಐದು ಕಾಯಿ. ಅತ್ತೆ ಅದನ್ನು ನೀರಿಗೆ ಬಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಹಿಂದೆ ಮೆಟ್ಟಿಲ ಮೇಲೆ ಊರ ಹುಡುಗರೆಲ್ಲ ಕಚ್ಚೆ ಬಿಗಿಯುತ್ತಿದ್ದರು. ಹುಡುಗರಿಗೆ ಬುದ್ಧಿಯಿಲ್ಲವೆಂದು ಇಷ್ಟುದ್ದ ಬರೆದ ನಾನು, ಅತ್ತೆಯ ಭಕ್ತಿ ತೇಲಿ ಕಣ್ಮರೆಯಾಗುವವರೆಗೆ ನಂಜುಂಡನ ಉಡಿದಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ.