ತಾಂಡೇಲ ಮಾಮನ ಸೀಸದ ಗುಂಡು

ಕಳೆದ ವಾರ ಹಬ್ಬುವಾಡದ ನಮ್ಮ ಓಣಿಯ ಅಂಗಡಿಯಲ್ಲಿ ಹಳದಿ ಬಾರ್ ಸಾಬೂನು ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಿ, ವಾಷಿಂಗ್ ಮಶೀನು ಕೆಟ್ಟಿತೇ ಎಂದು ವಿಚಾರಿಸಿದ. ಕೆಟ್ಟಿಲ್ಲ ಎಂದೆ. ಮತ್ತೇಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ನನ್ನ ತಲೆಯೇ ಕೆಟ್ಟಿದೆ ಎಂದುಕೊಳ್ಳುತ್ತಿದ್ದನೇನೋ. ಮೂಲೆಯಲ್ಲಿದ್ದ ಒಂದು ಬಾರನ್ನು ಧೂಳು ಕೊಡವಿ ಕೊಟ್ಟ. ಮನೆ ತಲುಪುವಷ್ಟರಲ್ಲಿ ಕೈಗೆಲ್ಲ ಅದರ ವಾಸನೆ ಹತ್ತಿತ್ತು... ಎಣ್ಣೆ, ಸೋಡಾ ಸೇರಿದ ಆ ಒರಟು ವಾಸನೆ. ಯಾರಿಗಾದರೂ ಬಟ್ಟೆ ಒಗೆಯುವ ಕಲ್ಲು ನೆನಪಾಗಬೇಕು. ನನಗೆ ನೆನಪಾದದ್ದು ನಡುಸಮುದ್ರ ಮತ್ತು ಭಾವಿಕೇರಿಯ ತಾಂಡೇಲ ಮಾಮ.

ತಾಂಡೇಲ ಎಂದರೆ ದೋಣಿಯ ಮುಖ್ಯಸ್ಥ. ಕಾರವಾರದಿಂದ ಅಂಕೋಲೆಯವರೆಗಿನ ಕಡಲತಳದ ನಕಾಶೆ ಮಾಡುವ ತಂಡಕ್ಕೆ ನಾನು ಆಗಷ್ಟೇ ಸೇರಿದ್ದೆ, ಕೆಲವು ವರ್ಷಗಳ ಹಿಂದಿನ ಮಾತು. ನಾವು ಬಾಡಿಗೆಗೆ ಹಿಡಿದ ದೋಣಿ ಅವರದು. ನೀರಿನಡಿ ಎಲ್ಲಿ ಕೆಸರು, ಎಲ್ಲಿ ಮರಳು, ಎಲ್ಲಿ ಬಂಡೆ, ಯಾವುದನ್ನು ನಂಬಿ ಯಾವ ಜೀವ ಬದುಕಿದೆ ಎಂದು ಗುರುತು ಮಾಡುವುದು ನಮ್ಮ ಕೆಲಸ. ಅದು ತಿಳಿದರೆ ಎಲ್ಲಿ ಏನು ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂದು ಮೊದಲೇ ತೀರ್ಮಾನಿಸಬಹುದು. ನಮ್ಮ ಯಂತ್ರ ಕೆಳಗೆ ಸದ್ದು ಕಳಿಸಿ, ಅದು ತಳಕ್ಕೆ ಬಡಿದು ಹಿಂದಿರುಗುವುದನ್ನು ಕೇಳಿ ಚಿತ್ರ ಬರೆಯುತ್ತಿತ್ತು. ಆದರೆ ದೋಣಿ ಸಾಗಿದ ಗೆರೆಯ ಕೆಳಗಿನದು ಮಾತ್ರ ಅದಕ್ಕೆ ಕಾಣುತ್ತಿತ್ತು. ಗೆರೆಗೂ ಗೆರೆಗೂ ನಡುವೆ ದೊಡ್ಡ ದೊಡ್ಡ ಖಾಲಿ ಜಾಗಗಳಿದ್ದವು. ಅವನ್ನು ಮೀನುಗಾರರ ಮನೆಗಳಿಗೆ ಹೋಗಿ, ಕೇಳಿ ತುಂಬಿಸಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಮುದ್ರಕ್ಕೆ ಬರುತ್ತಿದ್ದವರು ಆ ದಂಡೆಯಲ್ಲಿ ತಾಂಡೇಲ ಮಾಮ ಒಬ್ಬರೇ ಇರಬೇಕು. ದೋಣಿ ಬಿಟ್ಟ ಕ್ಷಣದಿಂದ ಮಾತು ಶುರು. ಚುನಾವಣೆ, ಮಗಳ ಅತ್ತೆ, ಬಂಗಡೆ ಸಾರಿಗೆ ಎಷ್ಟು ಹುಳಿ ಬೇಕು, ಯಾವುದೂ ಬಿಡುವಂತಿರಲಿಲ್ಲ. ನಮ್ಮ ಯಂತ್ರಕ್ಕೆ ಅವರು ಇಟ್ಟ ಹೆಸರು ಡಬ್ಬಿ. ಡಬ್ಬಿ ಏನೇ ಹೇಳಲಿ, ತಮ್ಮ ಸಮಾಧಾನಕ್ಕೆ ಒಮ್ಮೆ ಹಗ್ಗ ಕಟ್ಟಿದ ಸೀಸದ ಗುಂಡು ಇಳಿಸಲೇಬೇಕು. ಗುಂಡಿನ ಅಡಿಯಲ್ಲಿ ಒಂದು ಗುಳಿ, ಅದರೊಳಗೆ ಹಳದಿ ಸಾಬೂನನ್ನು ಹೆಬ್ಬೆರಳಿನಿಂದ ಒತ್ತಿ ತುಂಬುತ್ತಿದ್ದರು. ತಳ ಮುಟ್ಟಿದಾಗ ಅಲ್ಲಿದ್ದದ್ದು ಸಾಬೂನಿಗೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಕೆಸರಾದರೆ ಕೆಸರು, ಮರಳಾದರೆ ಮರಳು. ಅವರ ಅಪ್ಪ ಮೇಣ ಹಾಕುತ್ತಿದ್ದರಂತೆ. ಸಾಬೂನಾದರೆ ಕೈಯನ್ನೂ ತೊಳೆದುಕೊಳ್ಳಬಹುದಲ್ಲ ಎಂಬುದು ಇವರ ಲೆಕ್ಕ. ಉಪ್ಪುನೀರಿನಲ್ಲಿ ಅದರಿಂದ ನೊರೆ ಬರುತ್ತಿರಲಿಲ್ಲ, ಆದರೂ ದಿನಾ ಉಜ್ಜಿಕೊಳ್ಳುತ್ತಿದ್ದರು.

ನೀರಿನಡಿಯ ಕಲ್ಲುಗಳು ಎಲ್ಲೆಲ್ಲಿವೆ ಎಂದು ಕೇಳಿದಾಗ ಮಾಮ ಒಂದಿಷ್ಟೂ ತಡವರಿಸದೆ ಕೈ ಚಾಚಿ ತೋರಿಸಿದರು. ಊರಿನ ಬೇರೆಯವರೂ ಹಾಗೆಯೇ, ಚಹಾ ಕೊಟ್ಟು, ಕೂರಿಸಿ, ಬೇಕಾದಷ್ಟು ಹೇಳಿ ಕಳಿಸಿದರು. ನಾನು ಹಿಗ್ಗಿ ಹೀರೇಕಾಯಿಯಾಗಿ ಎಲ್ಲವನ್ನೂ ನಕಾಶೆಗೆ ಏರಿಸಿದೆ.

ಒಂದು ಮಾತು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಆ ದಂಡೆಯ ಹಳೆಯ ಮನೆತನಗಳಿಗೆ ತಮ್ಮ ತಮ್ಮ ಕಲ್ಲು ಇರುತ್ತದೆ. ಬೇರೆಲ್ಲೂ ಮೀನು ಸಿಗದ ದಿನಗಳಲ್ಲೂ ಅದರ ಸಂದಿಗಳಲ್ಲಿ ಮೀನಿರುತ್ತದೆ, ಮನೆ ಕಾಯುವುದು ಅದೇ. ಅಪ್ಪ ಮಗನನ್ನು ಅಲ್ಲಿಗೆ ಕರೆದೊಯ್ದು, ಯಾವ ಗುಡ್ಡ ಯಾವ ತೆಂಗಿನ ನೇರಕ್ಕೆ ಬರಬೇಕು ಎಂದು ತೋರಿಸುತ್ತಾನೆ. ಅಳಿಯನಿಗೂ ಆ ಗುಟ್ಟು ಸಿಗುವುದಿಲ್ಲ. ಹೊರಗಿನವರು ಕೇಳಿದರೆ ನಗುತ್ತಾ ಬೇರೆ ದಿಕ್ಕು ತೋರಿಸಬೇಕು. ಅದನ್ನು ಅವರು ಸುಳ್ಳು ಎಂದೇ ಎಣಿಸುವುದಿಲ್ಲ, ಮನೆಯ ಬಾಗಿಲು ಹಾಕಿಕೊಂಡ ಹಾಗೆ ಅಷ್ಟೇ. ಹೀಗಾಗಿ ನಮ್ಮ ನಕಾಶೆಯಲ್ಲಿ ಕೆಸರಿದ್ದಲ್ಲೆಲ್ಲ ಕಲ್ಲುಗಳು ಎದ್ದು ನಿಂತಿದ್ದವು, ಕಲ್ಲಿದ್ದಲ್ಲಿ ಬರೀ ಕೆಸರು.

ಅಂಕೋಲೆಯ ಒಂದು ಶಾಲೆಯ ಸಭಾಂಗಣದಲ್ಲಿ ಸಭೆ ನಡೆಯಿತು. ಗೋಡೆಯ ತುಂಬ ನಕಾಶೆ ಹಚ್ಚಿದ್ದೆವು. ಬಂದರಿನ ಕಾಲುವೆಯಿಂದ ಎತ್ತುವ ಹೂಳನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆಯೂ ಅಂದೇ ಇತ್ತು. ಖಾಲಿ ಕೆಸರು ಎಂದು ನಾವು ಬಣ್ಣ ಹಾಕಿದ ಕಡೆ ಒಂದು ಚೌಕ ಬರೆದಿದ್ದರು. ಕೆಸರಿನ ಮೇಲೆ ಕೆಸರು ಬೀಳುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಬಂದರಿನ ಅಧಿಕಾರಿ ಸಮಾಧಾನದಿಂದ ವಿವರಿಸಿದರು. ಆ ಚೌಕದ ಸರಿನಡುವೆ ತಾಂಡೇಲ ಮಾಮನ ಮನೆಯ ಕಲ್ಲಿತ್ತು. ನನಗೆ ಆಗ ಅದು ಗೊತ್ತಿರಲಿಲ್ಲ. ಮಾಮ ಮಾತಾಡುತ್ತಿಲ್ಲ ಎಂಬುದಷ್ಟೇ ಕಂಡಿತು, ಅದೇ ದೊಡ್ಡ ಆಶ್ಚರ್ಯ. ಪಕ್ಕದಲ್ಲಿ ಅವರ ಅಣ್ಣ ಕೂತಿದ್ದರು. ಇಬ್ಬರ ಕಣ್ಣೂ ಆ ಚೌಕದ ಮೇಲೆಯೇ. ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ಒಬ್ಬರೂ ಏಳಲಿಲ್ಲ. ಮುಂದಿನ ಸಭೆಯಲ್ಲಿ ಪಕ್ಕಾ ಮಾಡೋಣ ಎಂದು ಎದ್ದೆವು.

ಮರುದಿನ ಮಾಮ ಅಂಗಿಗೆ ಇಸ್ತ್ರಿ ಮಾಡಿಕೊಂಡಿರಲಿಲ್ಲ. ದೋಣಿಯನ್ನು ನಮ್ಮ ಗೆರೆ ಬಿಟ್ಟು ಬೇರೆಲ್ಲೋ ತಿರುಗಿಸಿದರು. ಎಲ್ಲಿಗೆ ಎಂದು ಕೇಳಿದೆ. ಕೂತುಕೋ ಎಂದು ಕೈಯಲ್ಲೇ ಸನ್ನೆ. ಗುಡ್ಡವನ್ನೊಮ್ಮೆ ದಂಡೆಯನ್ನೊಮ್ಮೆ ನೋಡಿ ಇಂಜಿನ್ ನಿಲ್ಲಿಸಿದರು. ಹೊಸ ಸಾಬೂನು ಒತ್ತಿ ಗುಂಡು ಇಳಿಸಿದರು, ಎಳೆದರು, ಒರೆಸದೆ ನನ್ನ ಕೈಗೆ ಕೊಟ್ಟರು. ಸಾಬೂನಿನಲ್ಲಿ ಕೆಸರಿಲ್ಲ, ಮರಳಿಲ್ಲ. ಕಲ್ಲು ಕೊರೆದ ಒಂದು ಆಳವಾದ ಗಾಯ, ಅದರಲ್ಲಿ ಸಿಕ್ಕಿಕೊಂಡ ಚಿಪ್ಪಿನ ಚೂರು, ಕೆಂಪು ಹವಳದ ಒಂದು ತುಣುಕು... ನಾನು ತಲೆಯೆತ್ತಿ ಅವರನ್ನು ನೋಡಿದೆ.

"ಬಾಯಿ ಬಿಟ್ಟು ಯಾರಿಗೂ ಹೇಳೂಕಾಗ ಅಂದಿದ್ದ ನಮ್ಮಪ್ಪ," ಎಂದರು. "ನಾ ಹೇಳ್ಲಿಲ್ಲ ತಂಗಿ. ಗುಂಡು ಹೇಳ್ತು, ನೀ ಕೇಳ್ದೆ."

ಆಮೇಲೆ ಡಬ್ಬಿಗೆ ಜಾಗ ತೋರಿಸಿದಂತಾಯಿತು. ಅದರ ಮೇಲೆ ಅಡ್ಡಡ್ಡ ಉದ್ದುದ್ದ ಓಡಾಡಿದೆವು. ಪರದೆಯಲ್ಲಿ ಚಪ್ಪಟೆ ತಳದಿಂದ ಒಂದು ಬಂಡೆ ಮೆಲ್ಲಗೆ ಮೇಲೆದ್ದು ಬಂತು. ನೀರು ಅಂದು ತಿಳಿಯಾಗಿತ್ತು, ಕ್ಯಾಮೆರಾ ಇಳಿಸಿದೆವು. ಬೀಸಣಿಗೆಯಂತೆ ಬಿಚ್ಚಿಕೊಂಡ ಹವಳ, ಸಂದಿಯಿಂದ ಸಂದಿಗೆ ಜಾರುವ ಕೆಂಪು ತಾಂಬ್ಸೆ ಮೀನು, ಅಲೆಯ ಜೊತೆ ತೂಗುವ ಯಾವುದೋ ಪಾಚಿ. ಮಾಮ ಚುಕ್ಕಾಣಿ ಬಿಟ್ಟು ಬಂದು ಪರದೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಹುಟ್ಟಿದಾಗಿನಿಂದ ಆ ಕಲ್ಲಿನ ಅನ್ನ ಉಂಡವರು. ಗಾಳಕ್ಕೆ ಸಿಕ್ಕಿದ್ದು, ಸಾಬೂನಿಗೆ ಅಂಟಿದ್ದು, ಇಷ್ಟರಿಂದಲೇ ಅದನ್ನು ಬಲ್ಲವರು. ಕಣ್ಣಿನಿಂದ ನೋಡಿದ್ದು ಅದೇ ಮೊದಲು.

"ಅಪ್ಪ ನೋಡ್ಲೇ ಇಲ್ಲ ಇದ್ನ," ಎಂದರು. ಮುಖ ಒರೆಸಿಕೊಂಡು, ಡಬ್ಬಿ ಅಷ್ಟೇನೂ ದಡ್ಡ ಅಲ್ಲ, ಯಾರಾದರೂ ಕೈಹಿಡಿದು ಕರೆದುಕೊಂಡು ಹೋದರೆ ಅದಕ್ಕೂ ಕಾಣುತ್ತದೆ ಎಂದು ನನ್ನನ್ನು ಕೆಣಕಿದರು. ಅಲ್ಲಿಂದ ದಂಡೆ ಮುಟ್ಟುವವರೆಗೂ ಮಾತೋ ಮಾತು.

ಆದರೆ ಮನೆಯಲ್ಲಿ ಅವರೊಂದಿಗೆ ಮಾತಾಡುವವರಿರಲಿಲ್ಲ. ಅಣ್ಣ ಸಿಟ್ಟಾಗಿದ್ದರು. ಗುಟ್ಟು ಇಬ್ಬರದು, ಕೊಟ್ಟವನು ಒಬ್ಬ. ನಾಳೆ ಊರಿನ ದೋಣಿಗಳೆಲ್ಲ ಅಲ್ಲಿಗೇ ಬಂದು ನಿಲ್ಲುತ್ತವೆ ಎಂಬ ಅವರ ಹೆದರಿಕೆ ಸುಳ್ಳೇನೂ ಅಲ್ಲ. ಮಾಮನನ್ನು ಕೇಳಿದರೆ, ಕಲ್ಲೇ ಹೂತುಹೋದ ಮೇಲೆ ಗುಟ್ಟನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೇ ಎಂದರು. ನಗುತ್ತಲೇ ಹೇಳಿದರು, ಆದರೆ ನಗೆ ಬೇಗ ಮುಗಿಯಿತು. ಅಣ್ಣ ತಮ್ಮ ಒಂದೇ ಜಗಲಿಯಲ್ಲಿ ಬೇರೆ ಬೇರೆ ತುದಿಗೆ ಕೂರುತ್ತಿದ್ದರು, ನಾನು ಹೋದಾಗ ಯಾವ ತುದಿಗೆ ಕೂರಬೇಕೆಂದು ತಿಳಿಯದೆ ಅಂಗಳದಲ್ಲೇ ನಿಲ್ಲುತ್ತಿದ್ದೆ.

ಆಗ ಒಂದು ತಮಾಷೆ ನಡೆಯಿತು. ಮಾಮನ ಸುದ್ದಿ ದಂಡೆಯುದ್ದಕ್ಕೂ ಹರಡಿ, ನಾಳೆ ತಮ್ಮ ಕಲ್ಲಿನ ಮೇಲೂ ಹೂಳು ಬಿದ್ದೀತೆಂದು ಉಳಿದ ತಾಂಡೇಲರೂ ಒಬ್ಬೊಬ್ಬರಾಗಿ, ಒಬ್ಬರಿಗೊಬ್ಬರು ಕಾಣದ ಹಾಗೆ, ನಮ್ಮ ತಂಡದ ಬಾಗಿಲಿಗೆ ಬಂದರು. ಒಂದು ಸಲ ದೋಣಿಯಲ್ಲಿ ಬಾ, ಜಾಗ ತೋರಿಸುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ ಎಂದು ಎಲ್ಲರದೂ ಅದೇ ಮಾತು. ಎಲ್ಲರ ಹತ್ತಿರವೂ ಒಂದು ತುಂಡು ಸಾಬೂನು. ನಕಾಶೆಯನ್ನು ಹೊಸದಾಗಿಯೇ ಬರೆಯಬೇಕಾಯಿತು. ಅಣ್ಣನ ಹೆದರಿಕೆಯನ್ನು ನಾನು ತಂಡದ ಮುಂದಿಟ್ಟೆ. ಜನರಿಗೆ ತೋರಿಸುವ ನಕಾಶೆಯಲ್ಲಿ ಯಾವ ಕಲ್ಲಿಗೂ ಚುಕ್ಕೆ ಇಡುವುದಿಲ್ಲ, ಸುತ್ತಲಿನ ಜಾಗವನ್ನೆಲ್ಲ ಸೇರಿಸಿ ಅಗಲವಾಗಿ ಕೆಂಪು ಬಳಿಯೋಣ ಎಂದಾಯಿತು. ಮುಟ್ಟಬೇಡಿ ಎನ್ನಲು ಅಷ್ಟು ಸಾಕು, ಹುಡುಕಿ ಹೋಗಲು ಸಾಲದು.

ಎರಡನೆಯ ಸಭೆಯಲ್ಲಿ ಹೂಳಿನ ಚೌಕ ದೂರಕ್ಕೆ, ತಳ ನೋಡಿ ಆರಿಸಿದ ಜಾಗಕ್ಕೆ ಸರಿದಿತ್ತು. ಹಳೆಯ ಚೌಕವಿದ್ದಲ್ಲಿ ಕೆಂಪು. ಅಧಿಕಾರಿ ಇದೇ ಪಕ್ಕಾ ಎಂದಾಗ ಸಭಾಂಗಣದ ತುಂಬ ಉಸಿರು ಬಿಟ್ಟ ಸದ್ದು. ಅಣ್ಣ ಅತ್ತ ಕಡೆ ನೋಡುತ್ತಲೇ ಸೊಂಟದಿಂದ ಎಲೆಯಡಿಕೆ ಚಂಚಿ ತೆಗೆದು ತಮ್ಮನ ಮಡಿಲಿಗೆ ತಳ್ಳಿದರು. ಮಾಮ ಎಲೆಗೆ ಸುಣ್ಣ ಹಚ್ಚಿ ಮೊದಲನೆಯದನ್ನು ಅಣ್ಣನಿಗೇ ಕೊಟ್ಟರು. ನನಗೂ ಮನಸ್ಸು ಅಷ್ಟು ಹಗುರವಾಗಿ ಎಷ್ಟೋ ದಿನವಾಗಿತ್ತು.

ಹೋದ ಮಳೆಗಾಲದಲ್ಲಿ ತಾಂಡೇಲ ಮಾಮ ತೀರಿಕೊಂಡರು. ಶಿರವಾಡದ ಮಗಳ ಮನೆಗೆ ಹೋದವರು ಮಧ್ಯಾಹ್ನ ಊಟ ಮಾಡಿ ಮಲಗಿ ಏಳಲಿಲ್ಲ. ನಾನು ಊರಲ್ಲಿರಲಿಲ್ಲ, ಮುಖ ನೋಡಲಾಗಲಿಲ್ಲ... ಮಳೆ ನಿಂತ ಮೇಲೆ ಬಂದರಿನ ಹೂಳು ಎತ್ತಿ ಆ ದೂರದ ಜಾಗದಲ್ಲಿ ಸುರಿದರು. ಹೂಳು ನೀರಿನ ಸೆಳೆತಕ್ಕೆ ಸಿಕ್ಕಿ ಕಲ್ಲಿನವರೆಗೆ ಬಂದಿದೆಯೋ ಎಂದು ನೋಡುವುದು ಉಳಿದಿತ್ತು. ಸುರಿಯಲು ಶುರುವಾದಾಗಿನಿಂದ ನನಗೆ ಅದೇ ಕೊರೆತ. ಕಳೆದ ವಾರ ಅವರ ಅಣ್ಣ ಫೋನು ಮಾಡಿ ಯಂತ್ರ ತೆಗೆದುಕೊಂಡು ಬಾ ಎಂದರು. ಫೋನು ಇಡುವ ಮೊದಲು, ಸಾಬೂನೂ ತಾ ಎಂದರು.

ಮೊನ್ನೆ ಹೋಗಿದ್ದೆವು. ಚುಕ್ಕಾಣಿ ಹಿಡಿದವರು ಅಣ್ಣ, ಅವರು ತಮ್ಮನ ಹಾಗಲ್ಲ, ದಾರಿಯುದ್ದಕ್ಕೂ ಒಂದು ಮಾತಿಲ್ಲ. ಯಂತ್ರ ಹಚ್ಚುವ ಮೊದಲೇ ಗುಂಡು ಇಳಿಸಿದರು. ಹಗ್ಗ ಎಳೆಯುವಾಗ ಅವರ ಕೈ ನೋಡಲಾರದೆ ನಾನು ಗುಡ್ಡ ನೋಡುತ್ತಾ ಕೂತೆ. ಗುಂಡು ನನ್ನ ಮಡಿಲಿಗೆ ಬಂತು. ಸಾಬೂನಿನಲ್ಲಿ ಒಂದು ಆಳವಾದ ಗಾಯ, ಒಂದು ಚಿಪ್ಪಿನ ಚೂರು. ಕೆಸರು ಎಳ್ಳಷ್ಟೂ ಇರಲಿಲ್ಲ.

"ಹೇಳ್ತಾ?" ಎಂದು ಅಣ್ಣ ಕೇಳಿದರು.

ಹೇಳಿತು ಎಂದೆ. ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. ಈ ಸುದ್ದಿಯನ್ನು ಮೊದಲು ಕೇಳಬೇಕಾದವರು ಮಾಮ. ಇದ್ದಿದ್ದರೆ ದಂಡೆ ಮುಟ್ಟುವವರೆಗೆ ನಮಗೆ ಮಾತಾಡಲು ಬಿಡುತ್ತಿರಲಿಲ್ಲ. ಉಳಿದ ಸಾಬೂನಿನಿಂದ ಸಮುದ್ರದ ನೀರಿನಲ್ಲೇ ಕೈ ಉಜ್ಜಿಕೊಂಡೆ. ನೊರೆ ಬರಲಿಲ್ಲ. ಅಣ್ಣನೂ ಸುಮ್ಮನೆ ಕೈ ಚಾಚಿದರು, ಅರ್ಧ ಮುರಿದು ಕೊಟ್ಟೆ.